ನಾಲ್ಕನೇ ತರಗತಿಗೆ ಬಂದಮೇಲೂ ಕಡ್ಡಿ ಕಟ್ಟು ಬೇಕು

ಚಿ. ಪುಟ್ಟಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಕಾಗದ ಬಂತು. ಶಾಲೆಯಲ್ಲಿ ನಾಲ್ಕರಿಂದ ಏಳನೇ ತರಗತಿವರೆಗಿನ ಗಣಿತ ಪಾಠವೆಲ್ಲ ನಿನ್ನ ಪಾಲಿಗೇ ಬಂದಿದೆ ಎಂದು ಓದಿ ಸಂತೋಷಪಟ್ಟೆ. ಚಟುವಟಿಕೆ ಮಾಡಿಸಿದರೆ ಪಾಠ ಹಿಂದೆ ಬೀಳುತ್ತದೆ, ಬೋರ್ಡಿನ ಮೇಲೆ ಲೆಕ್ಕ ಹಾಕಿಸಿದರೆ ಹಿಂದಿನ ಸಾಲಿನ ಮಕ್ಕಳು ಮಂಕಾಗಿ ಕೂರುತ್ತಾರೆ ಎಂದು ಬರೆದಿದ್ದೀಯಲ್ಲ, ಅದನ್ನು ಕುರಿತು ನನಗೆ ತೋಚಿದ್ದನ್ನು ಹೇಳುತ್ತೇನೆ.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿವರೆಗೆ ನಲಿ-ಕಲಿ ಎಂಬ ಚಟುವಟಿಕೆಯ ಕಲಿಕೆ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಕಡೆ ಶುರುವಾದದ್ದು ರಾಜ್ಯಕ್ಕೆಲ್ಲ ಹಬ್ಬಿತು. ಆ ಮಕ್ಕಳು ಗುಂಪಿನಲ್ಲಿ ಕೂತು, ಕಡ್ಡಿ, ಮಣಿ, ಕಾರ್ಡು ಹಿಡಿದು ಕಲಿಯುತ್ತಾರೆ. ನಾಲ್ಕನೇ ತರಗತಿಗೆ ಕಾಲಿಟ್ಟ ದಿನವೇ ಅದೆಲ್ಲ ಬೀರು ಸೇರುತ್ತದೆ. ದೊಡ್ಡ ಸಂಖ್ಯೆ, ಭಿನ್ನರಾಶಿ, ದಶಮಾಂಶ, ವಿಸ್ತೀರ್ಣ ಎಲ್ಲ ಸುರುವಾಗುವುದು ಆಗಲೇ. ಕೈಗೆ ಆಸರೆ ಬೇಕಾದ ಹೊತ್ತಿಗೆ ಕೈ ಖಾಲಿ ಮಾಡಿಬಿಡುತ್ತೇವೆ. ಮಕ್ಕಳು ಮಂಕಾಗುವುದಕ್ಕೆ ಮುಖ್ಯ ಕಾರಣ ಇದೇ ಎಂದು ನಾನು ನಂಬಿದ್ದೇನೆ.

ನೀನು ತರಗತಿಗೊಂದು ಹೊಸ ಸಾಮಾನು ಹೊಂದಿಸಲು ಓಡಾಡಬೇಡ. ಒಂದೇ ವಿಚಾರವನ್ನು ಹಿಡಿದು ಮೇಲಿನ ತರಗತಿಗಳಿಗೂ ಏರಿಸುತ್ತಾ ಹೋಗು. ಕಡ್ಡಿ ಕಟ್ಟನ್ನೇ ತೆಗೆದುಕೋ. 52ರಲ್ಲಿ 27 ಕಳೆ ಎಂದರೆ ನಾಲ್ಕನೆಯ ತರಗತಿಯಲ್ಲೂ 35 ಎಂದು ಬರೆಯುವ ಮಕ್ಕಳಿರುತ್ತಾರೆ. ಐದರಲ್ಲಿ ಎರಡು ಹೋಯಿತು, ಏಳರಲ್ಲಿ ಎರಡು ಹೋಯಿತು, ಅಷ್ಟೇ. ದೊಡ್ಡದರಲ್ಲಿ ಚಿಕ್ಕದನ್ನು ಕಳೆದಿದೆ ಮಗು. ಗದರಬೇಡ, 'ಪಕ್ಕದ ಮನೆಯಿಂದ ಸಾಲ ತಾ' ಎಂದು ಮತ್ತೊಮ್ಮೆ ಹೇಳಲೂ ಬೇಡ. ತೆಂಗಿನಗರಿಯ ಕಡ್ಡಿಗಳನ್ನು ಹತ್ತು ಹತ್ತರಂತೆ ರಬ್ಬರ್ ಬ್ಯಾಂಡ್ ಹಾಕಿದ ಐದು ಕಟ್ಟು, ಎರಡು ಬಿಡಿ ಕಡ್ಡಿ ಕೈಗೆ ಕೊಡು. ನನಗೆ ಇಪ್ಪತ್ತೇಳು ಕೊಡು ಎನ್ನು. ಎರಡು ಕಟ್ಟು ಬೇಗ ಬರುತ್ತದೆ, ಎರಡು ಬಿಡಿಯೂ ಬರುತ್ತದೆ. ಇನ್ನೂ ಐದು ಬೇಕು. ಅಲ್ಲಿ ಕೈ ನಿಂತು, ಮಗು ನಿನ್ನ ಮುಖ ನೋಡುತ್ತದೆ. ಆಗ ಬಾಯಿ ಬಿಡಬೇಡ, ಪುಟ್ಟಿ. ತುಸು ತಡೆದುಕೋ. ಸ್ವಲ್ಪ ಹೊತ್ತಿಗೆ ತಾನೇ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಎಳೆದು ಬಿಚ್ಚುತ್ತದೆ. ಉಳಿದದ್ದು ಎರಡು ಕಟ್ಟು, ಐದು ಬಿಡಿ. ಈಗ ಮಾಡಿದ್ದನ್ನು ಹಾಗೇ ನೋಟ್‌ಬುಕ್ಕಿನಲ್ಲಿ ಬರೆ ಎನ್ನು. 5ನ್ನು ಹೊಡೆದು 4 ಮಾಡುವುದು, 2ನ್ನು 12 ಮಾಡುವುದು ಯಾಕೆಂದು ಆ ಮಗುವಿಗೆ ಇನ್ನು ಯಾರೂ ಹೇಳಬೇಕಾಗಿಲ್ಲ.

ಬರೆಸದೆ ಮಾತ್ರ ಬಿಡಬೇಡ. ಕಡ್ಡಿಯಲ್ಲಿ ಮಾಡಿದ್ದು ಚಿತ್ರವಾಗಬೇಕು, ಚಿತ್ರ ಅಂಕಿಯಾಗಬೇಕು, ಆಮೇಲೆ ಕಡ್ಡಿ ಇಲ್ಲದೆಯೂ ಲೆಕ್ಕ ಬರಬೇಕು. ಎಷ್ಟೋ ಕಡೆ ಮಕ್ಕಳ ಸಂತೆ ಮಾಡುತ್ತಾರೆ, ಸೊಪ್ಪು ತರಕಾರಿ ಎಲ್ಲ ಮಾರಾಟವಾಗುತ್ತದೆ, ಫೋಟೋ ತೆಗೆದಲ್ಲಿಗೆ ಮುಗಿಯಿತು. ಎಷ್ಟಕ್ಕೆ ತಂದೆ, ಎಷ್ಟಕ್ಕೆ ಮಾರಿದೆ, ಉಳಿದ ಸೊಪ್ಪು ಬಾಡಿದ್ದರಿಂದ ನಷ್ಟವೆಷ್ಟು ಎಂದು ಮರುದಿನ ಕೂತು ಬರೆಸಿದರೆ ಮಾತ್ರ ಅದು ಲಾಭ ನಷ್ಟದ ಪಾಠ.

ಇದೇ ಕಟ್ಟು ಕಟ್ಟುವ, ಬಿಚ್ಚುವ ಕೆಲಸ ಐದನೆಯವರಿಗೆ ಪಹಣಿ ಲೆಕ್ಕದಲ್ಲಿ ಸಿಗುತ್ತದೆ. 2 ಎಕರೆ 18 ಗುಂಟೆಗೆ 1 ಎಕರೆ 30 ಗುಂಟೆ ಕೂಡಿಸಿದರೆ 3 ಎಕರೆ 48 ಗುಂಟೆ ಎಂದು ಬರೆಯುತ್ತಾರೆ. ನಲವತ್ತು ಗುಂಟೆಗೆ ಒಂದು ಎಕರೆ, ಹಾಗಾದರೆ ಇನ್ನೊಂದು ಕಟ್ಟು ಆಗುತ್ತದಲ್ಲ ಎಂದು ಕೇಳು. 4 ಎಕರೆ 8 ಗುಂಟೆ ತಾನಾಗಿ ಬರುತ್ತದೆ. ಗಂಟೆ ನಿಮಿಷಕ್ಕೆ ಬಂದಾಗ ಅರವತ್ತರ ಕಟ್ಟು. ಆದರೆ ಮನೆಯಿಂದ ಪಹಣಿ ತನ್ನಿ ಎನ್ನಬೇಡಮ್ಮ. ಜಮೀನಿಲ್ಲದವರ ಮಕ್ಕಳೂ ಅಲ್ಲಿ ಕೂತಿರುತ್ತಾರೆ, ಅವರ ತಲೆ ತಗ್ಗಬಾರದು. ಲೆಕ್ಕಗಳನ್ನು ನೀನೇ ಕಟ್ಟಿ ಕೊಡು.

ಆರು ಏಳನೆಯವರನ್ನು ಹಗ್ಗ, ಟೇಪು ಕೊಟ್ಟು ಮೈದಾನಕ್ಕೆ ಕರೆದುಕೊಂಡು ಹೋಗು. 33 ಅಡಿ ಉದ್ದ, 33 ಅಡಿ ಅಗಲ ಸುಣ್ಣದ ಗೆರೆ ಎಳೆಸಿದರೆ ಒಂದು ಗುಂಟೆ. ಮೊದಲ ಸಲ ಚೌಕ ಸೊಟ್ಟಗೇ ಬರುತ್ತದೆ, ಬರಲಿ. ನಾಲ್ಕೂ ಬದಿ 33 ಅಡಿ ಇದ್ದರೂ ಸೊಟ್ಟ ಯಾಕೆ ಎಂದು ಅವರೇ ಜಗಳವಾಡಲಿ. ಆಗ ಗಾರೆ ಮೇಸ್ತ್ರಿಗಳು ಪಾಯ ಹಾಕುವಾಗ ಮಾಡುವುದನ್ನು ತೋರಿಸು: ಮೂಲೆಯಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಹಾಕು, ಎರಡು ಗುರುತಿನ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ನೆಟ್ಟಗಿದೆ. ಪೈಥಾಗೊರಸ್ ಪ್ರಮೇಯದ ಪಾಠ ಬರುವ ಹೊತ್ತಿಗೆ ಅದು ಅವರ ಕಾಲಡಿಯ ಪರಿಚಯವಾಗಿರುತ್ತದೆ. 33ನ್ನು 33ರಿಂದ ಗುಣಿಸಿದರೆ 1,089 ಚದರ ಅಡಿ, ಅದರ ನಲವತ್ತು ಪಟ್ಟು 43,560. ಎಕರೆಗೆ ಇಷ್ಟು ಚದರ ಅಡಿ ಎಂದು ಬಾಯಿಪಾಠ ಮಾಡಿಸುವ ಅಗತ್ಯವೇ ಇಲ್ಲ.

ವೃತ್ತಕ್ಕೆ ಬಳೆ, ದಾರ ಸಾಕು. ಬಳೆಯ ಸುತ್ತ ಸುತ್ತಿದ ದಾರದಲ್ಲಿ ಅದರ ವ್ಯಾಸ ಮೂರು ಸಲ ಹಿಡಿದು ಇನ್ನು ಸ್ವಲ್ಪ ಉಳಿಯುತ್ತದೆ. ದೊಡ್ಡ ಬಳೆಯಲ್ಲೂ ಅಷ್ಟೇ, ಬಕೆಟ್ಟಿನ ಬಾಯಲ್ಲೂ ಅಷ್ಟೇ.

ಇನ್ನೊಂದು ಮಾತು. ದೊಡ್ಡ ಮಕ್ಕಳಿಗೆ ಅಂಕಿಗಳೇ ಆಟದ ಸಾಮಾನು. ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ಕಾಪ್ರೇಕರ್ (1905–1986) ಕಂಡುಹಿಡಿದದ್ದನ್ನು ಮಾಡಿಸು. ನಾಲ್ಕಂಕಿಯ ಯಾವುದಾದರೂ ಸಂಖ್ಯೆ, ನಾಲ್ಕೂ ಅಂಕಿ ಒಂದೇ ಆಗಿರಬಾರದು. ಇಳಿಕೆ ಕ್ರಮದಲ್ಲಿ ಬರೆದು ಏರಿಕೆ ಕ್ರಮದ್ದನ್ನು ಕಳೆಯಬೇಕು, ಬಂದದ್ದನ್ನು ಮತ್ತೆ ಹಾಗೇ. 3524 ಎಂದಿಟ್ಟುಕೋ. 5432ರಲ್ಲಿ 2345 ಕಳೆದರೆ 3087. 8730ರಲ್ಲಿ 0378 ಕಳೆದರೆ 8352. 8532ರಲ್ಲಿ 2358 ಕಳೆದರೆ 6174. ಏಳು ಹಂತದೊಳಗೆ ಎಲ್ಲರೂ 6174ಕ್ಕೇ ಬಂದು ಸೇರುತ್ತಾರೆ. ಯಾರಿಗೆ ಬರಲಿಲ್ಲವೋ ಅವರು ಎಲ್ಲೋ ಕಟ್ಟು ಬಿಚ್ಚುವಲ್ಲಿ ತಪ್ಪಿದ್ದಾರೆ, ತಾವೇ ಹುಡುಕಿಕೊಳ್ಳುತ್ತಾರೆ. ಕಳೆಯುವ ಲೆಕ್ಕ ಹತ್ತು ಕೊಟ್ಟರೆ ಗೊಣಗುವ ಮಕ್ಕಳು ಇಲ್ಲಿ ಮೂವತ್ತು ಮಾಡಿದರೂ ಬಿಡುವುದಿಲ್ಲ.

ಪಾಠ ಹಿಂದೆ ಬೀಳುವ ವಿಷಯಕ್ಕೆ ಬರೋಣ. ಮೊದಲ ತಿಂಗಳು ಬಿದ್ದೇ ಬೀಳುತ್ತದೆ. ಮುಖ್ಯೋಪಾಧ್ಯಾಯರಿಗೆ ಮೊದಲೇ ಹೇಳಿಡು, ಮಕ್ಕಳ ನೋಟ್‌ಬುಕ್ಕು ತೋರಿಸು. ವಾರಕ್ಕೆ ಒಂದು ಪೀರಿಯಡ್ ಹೀಗೆ ಕೈಕೆಲಸಕ್ಕೆ, ಉಳಿದದ್ದು ಅಭ್ಯಾಸಕ್ಕೆ ಎಂದು ಇಟ್ಟುಕೊಂಡರೆ ಡಿಸೆಂಬರ್ ಹೊತ್ತಿಗೆ ಸರಿಹೋಗುತ್ತದೆ. ಮಗ್ಗಿಯನ್ನಂತೂ ದಿನಾ ಹೇಳಿಸು, ಅದರಲ್ಲಿ ರಾಜಿ ಬೇಡ.

ದಸರಾ ರಜೆಗೆ ಬರುವಾಗ ನಾಲ್ಕನೇ ತರಗತಿಯವರ ಎರಡು ಮೂರು ನೋಟ್‌ಬುಕ್ಕು ತಾ. ಚೆನ್ನಾಗಿ ಮಾಡುವವರದ್ದಲ್ಲ, 35 ಎಂದು ಬರೆಯುವವರದ್ದು. ಕೂತು ನೋಡೋಣ.

ಇಂತಿ,
ನಿನ್ನ ದೊಡ್ಡಮ್ಮ