ಪಲ್ಲಾಡಿಯಂ ಕೊಳವೆಯಲ್ಲೇ ಉಳಿಯಿತೇ?

ಸಂಪಾದಕರೇ,

ಟೈಟಾನಿಯಂ ಡೈಆಕ್ಸೈಡ್ ನ್ಯಾನೊಕೊಳವೆಗಳ (ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳು) ಮೇಲೆ ಪಲ್ಲಾಡಿಯಂ ಲೋಹದ ಕಣ ಕೂರಿಸಿದ ವೇಗವರ್ಧಕದ, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವಿನ ಬಗ್ಗೆ ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಬರಹ ಓದಿದೆ. ಇಂಥ ವಿಷಯಕ್ಕೆ ಜಾಗ ಕೊಟ್ಟಿದ್ದು ನೋಡಿ ಖುಷಿಯಾಯಿತು. ಆದರೆ ‘ಐದು ಸಲ ಬಳಸಿದರೂ ಶಕ್ತಿ ಕುಂದಲಿಲ್ಲ’ ಎಂಬ ಸಾಲನ್ನು ಸುಮ್ನೆ ಓದಿ ಮುಂದೆ ಹೋಗಲು ಆಗಲಿಲ್ಲ. ನಾನೂ ಇದೇ ಕೆಲಸದವಳು. ನಮ್ಮವರ ಸಂಶೋಧನಾ ಲೇಖನಗಳಲ್ಲೂ ಈ ಸಾಲು ಜಾಸ್ತಿಯೇ ಕಾಣುತ್ತದೆ.

ಕ್ರಿಯೆ ಒಂದು ಗಂಟೆಯಲ್ಲಿ ಮುಗಿಯುತ್ತದೆ ಅಂದುಕೊಳ್ಳಿ. ಅದನ್ನು 6 ಗಂಟೆ ಬಿಟ್ಟು ಅಳೆದರೆ ನೂರಕ್ಕೆ ನೂರು ಬರುತ್ತದೆ. ಅರ್ಧ ಪಲ್ಲಾಡಿಯಂ ಕಳೆದುಹೋಗಿದ್ದರೂ ಮುಂದಿನ ಸಲ 6 ಗಂಟೆಯೊಳಗೆ ಕೆಲಸ ಮುಗಿದಿರುತ್ತದೆ, ಅಲ್ವಾ? ನಷ್ಟ ಕಣ್ಣಿಗೇ ಬೀಳುವುದಿಲ್ಲ. ಶೇ 20ರಷ್ಟು ಕ್ರಿಯೆ ಆದಾಗಲೇ ವೇಗ ಅಳೆದು, ಪ್ರತಿ ಸಲದ ವೇಗವನ್ನು ಹೋಲಿಸಬೇಕು.

ಲೋಹ ಕರಗಿ ದ್ರಾವಣಕ್ಕೆ ಬರುತ್ತಿದೆಯೇ ಎಂದು ತಿಳಿಯಲು ಇನ್ನೊಂದು ಪರೀಕ್ಷೆಯೂ ಇದೆ. ಕ್ರಿಯೆ ಅರ್ಧದಲ್ಲಿರುವಾಗ ದ್ರಾವಣವನ್ನು ಬಿಸಿಬಿಸಿಯಾಗಿಯೇ ಸೋಸಬೇಕು. ವೇಗವರ್ಧಕದ ಪುಡಿ ಮೇಲೆ ಉಳಿಯುತ್ತದೆ, ತಿಳಿ ಕೆಳಗಿಳಿಯುತ್ತದೆ. ಬರೀ ಆ ತಿಳಿಯನ್ನು ಅದೇ ಬಿಸಿಯಲ್ಲಿ ಇಟ್ಟು ನೋಡಬೇಕು. ಕ್ರಿಯೆ ಮುಂದುವರಿದರೆ ಕೆಲಸ ಮಾಡುತ್ತಿರುವುದು ಕರಗಿ ಬಂದ ಪಲ್ಲಾಡಿಯಂ. ತಣ್ಣಗಾಗಲು ಬಿಟ್ಟು ಸೋಸಿದರೆ ಮೋಸ ಹೋಗುತ್ತೇವೆ. ಸುಜುಕಿ ಕ್ರಿಯೆಯಂಥ (ಪಲ್ಲಾಡಿಯಂ ಬಳಸಿ ಎರಡು ಇಂಗಾಲದ ಅಣುಗಳನ್ನು ಬೆಸೆಯುವ ವಿಧಾನ) ಕಡೆ ಕರಗಿದ ಲೋಹ ಕೊನೆಯಲ್ಲಿ ಮತ್ತೆ ಆಧಾರಕ್ಕೇ, ಅಂದರೆ ಕಣ ಕೂರಿಸಿದ ಆಕ್ಸೈಡಿಗೇ ಅಂಟಿಕೊಳ್ಳುವುದುಂಟು. ಆಗ ತಿಳಿಯಲ್ಲಿ ಲೋಹವೇ ಇಲ್ಲ ಅನ್ನಿಸಿಬಿಡುತ್ತದೆ.

ಇಷ್ಟು ಹಟ ಯಾಕೆಂದರೆ, ಪಲ್ಲಾಡಿಯಂನಂಥ ಲೋಹಗಳು ದುಬಾರಿ, ಭೂಮಿಯಲ್ಲಿ ಸಿಗುವುದೂ ಅಪರೂಪ. 5 ನ್ಯಾನೊಮೀಟರ್ ಕಣದಲ್ಲಿ ಸುಮಾರು ಕಾಲು ಭಾಗ ಪರಮಾಣುಗಳು ಮಾತ್ರ ಹೊರಮೈಯಲ್ಲಿರುತ್ತವೆ. ಒಳಗಿನವು ಕ್ರಿಯೆಗೆ ಸಿಗುವುದೇ ಇಲ್ಲ. ಅದಕ್ಕೇ ಸಾಮಾನ್ಯವಾಗಿ ಚಿಕ್ಕ ಕಣಗಳೇ ಬೇಕೆನ್ನುತ್ತೇವೆ. ಜಡ ಎಂದು ಎಲ್ಲರೂ ಬದಿಗಿಟ್ಟಿದ್ದ ಚಿನ್ನ ಕೂಡ ಆಕ್ಸೈಡ್ ಮೇಲೆ ಸಣ್ಣ ಕಣಗಳಾಗಿ ಕೂತಾಗ, ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗೆ ಕಾರ್ಬನ್ ಮಾನಾಕ್ಸೈಡನ್ನು ಉರಿಸಬಲ್ಲದು ಎಂದು ಜಪಾನಿನ ಹರುಟಾ ತಂಡ 1987ರಲ್ಲಿ ತೋರಿಸಿತು. ಆದರೆ ಬಿಸಿ ತಾಗಿದರೆ ಸಣ್ಣ ಕಣಗಳು ಒಂದಕ್ಕೊಂದು ಸೇರಿ ದಪ್ಪವಾಗುತ್ತವೆ. ಕೊಳವೆಯಲ್ಲಿ ಕೂರಿಸಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ.

ಎಲ್ಲ ನಷ್ಟವೂ ದಪ್ಪವಾಗುವುದರಿಂದಲೇ ಅಂತಲೂ ಅಲ್ಲ. ಟೈಟಾನಿಯಂ ಡೈಆಕ್ಸೈಡ್ ಮೇಲಿನ ಪ್ಲಾಟಿನಂ ಗುಂಪಿನ ಲೋಹಗಳನ್ನು (ಪಲ್ಲಾಡಿಯಂ ಕೂಡ ಇದರಲ್ಲೇ ಸೇರುತ್ತದೆ) 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೈಡ್ರೋಜನ್ ಹಾಯಿಸಿ ಕಾಯಿಸಿದರೆ, ಅವು ಹೈಡ್ರೋಜನ್ ಹಿಡಿದುಕೊಳ್ಳುವ ಗುಣವನ್ನೇ ಬಹುಪಾಲು ಕಳೆದುಕೊಳ್ಳುತ್ತವೆ. ಇದು 1978ರಲ್ಲೇ ಪ್ರಕಟವಾಗಿದೆ. ಕಣ ದಪ್ಪವಾಗಿರಲಿಲ್ಲ. ಆಧಾರದ ಆಕ್ಸೈಡೇ ತೆಳುವಾಗಿ ಲೋಹದ ಮೇಲೆ ಹರಡಿಕೊಳ್ಳುತ್ತದೆ ಎಂಬುದು ಆಮೇಲೆ ತಿಳಿಯಿತು.

ನಿಮ್ಮ ವರದಿಗಾರರಲ್ಲಿ ಒಂದು ಕೋರಿಕೆ. ಇಂಥ ಸುದ್ದಿ ಬಂದಾಗ, ಅಷ್ಟೇ ಲೋಹವನ್ನು ಅಷ್ಟೇ ಗಾತ್ರದ ಕಣಗಳಾಗಿ ಸಾಮಾನ್ಯ ಟೈಟಾನಿಯಂ ಡೈಆಕ್ಸೈಡ್ ಪುಡಿಯ ಮೇಲೆ ಕೂರಿಸಿ ಹೋಲಿಸಿದ್ದಾರಾ ಎಂದು ಕೇಳಿ. ಹೋಲಿಸಿಲ್ಲ ಎಂದರೆ ಕೊಳವೆಯಿಂದಲೇ ಲಾಭ ಆಯಿತು ಎಂದು ತಲೆಬರಹ ಕೊಡಬೇಡಿ.

— ವೇಗವರ್ಧಕಗಳ ಮೇಲೆ ಕೆಲಸ ಮಾಡುವ ಓದುಗರೊಬ್ಬರು