ಬೀಳ್ಕೊಡುಗೆ ದಿನ: ಅಂಗಿ ಸಹಿ ಮತ್ತು ಫಿಶ್ ಪಾಂಡ್

ಹತ್ತನೇ ಕ್ಲಾಸಿನವರೇ, ಶನಿವಾರ ಹಳೇ ಯೂನಿಫಾರ್ಮ್ ಅಂಗಿ ಒಗೆದು, ಗಂಜಿ ಹಾಕದೆ ತನ್ನಿ. ಅದರ ಮೇಲೆ ಗೆಳೆಯರ ಸಹಿಗೆ ಪರ್ಮನೆಂಟ್ ಮಾರ್ಕರೇ ಬೇಕು; ಬಾಲ್ ಪೆನ್ನು ಬಟ್ಟೆಗೆ ಸಿಕ್ಕಿಕೊಂಡು ಎಳೆಯುತ್ತದೆ, ವೈಟ್‌ಬೋರ್ಡ್ ಮಾರ್ಕರ್ ಒಗೆದರೆ ಹೋಗುತ್ತದೆ. ತೊಟ್ಟುಕೊಂಡೇ ಬರೆಸಿದರೆ ಶಾಯಿ ಬನಿಯನ್ನಿಗೆ ಇಳಿಯುತ್ತದೆ. ಬೆನ್ನಿನ ಕಡೆ ಅಂಗಿಯೊಳಗೆ ಪರೀಕ್ಷೆಯ ರಟ್ಟು ತೂರಿಸಿಕೊಳ್ಳಿ, ಅಕ್ಷರವೂ ನೆಟ್ಟಗೆ ಬರುತ್ತದೆ.

ಫಿಶ್ ಪಾಂಡ್ ಅಂದರೆ ಕ್ಲಾಸಿನವರ ಬಗ್ಗೆ ಚೀಟಿಯಲ್ಲಿ ತಮಾಷೆಯ ಸಾಲು ಬರೆದು ಎಲ್ಲರೆದುರು ಓದುವುದು; ಆ ಚೀಟಿ ಗುರುವಾರದೊಳಗೆ ಕೊಡಿ. ಮೈಬಣ್ಣ, ದಪ್ಪ-ಸಣ್ಣ, ಜಾತಿ, ಅಂಕ ಇದ್ದರೆ ಓದುವುದಿಲ್ಲ. ಕೊನೇ ದಿನ ಯಾರೂ ಅತ್ತುಕೊಂಡು ಮನೆಗೆ ಹೋಗಬಾರದು. ನಿಜವಾದ ನಗು ಇರುವುದು ಅಭ್ಯಾಸಗಳಲ್ಲಿ: ‘ಬೆಲ್ಲಿಗೆ ಎರಡು ನಿಮಿಷ ಮುಂಚೆಯೇ ಬ್ಯಾಗು ಹೆಗಲಿಗೇರಿಸಿದವ’, ‘ಎಂಟನೇ ಕ್ಲಾಸಲ್ಲಿ ಇಸ್ಕೊಂಡ ರಬ್ಬರು ಇನ್ನೂ ಕೊಡದವಳು’.

ಮೇಷ್ಟ್ರುಗಳ ಅನುಕರಣೆ ಮಾಡುವವರು ಅವರನ್ನು ಮೊದಲೇ ಕೇಳಿ. ತಲಾ 2 ನಿಮಿಷ. ಮೈಕು ಬಾಯಿಂದ ಅರ್ಧ ಗೇಣು ದೂರ ಇರಲಿ, ಸ್ಪೀಕರಿನ ಎದುರು ಹೋಗಬೇಡಿ, ಕುಂಯ್ ಅನ್ನುತ್ತದೆ.