ಶನಿವಾರದ ಚರ್ಚೆ: ಆಕ್ರಮಣ ಶೈಲಿ ಮತ್ತು ಕ್ವಾರ್ಟರ್‌ಬ್ಯಾಕ್ ಆಯ್ಕೆ

ಸದಸ್ಯರೆಲ್ಲರಿಗೂ ನಮಸ್ಕಾರ.

ಅಮೆರಿಕದ ಕಾಲೇಜು ಫುಟ್‌ಬಾಲ್ ಕುರಿತ ನಮ್ಮ ಈ ತಿಂಗಳ ಆನ್‌ಲೈನ್ ಚರ್ಚೆಯು ಬರುವ ಶನಿವಾರ ಸಂಜೆ 7 ಗಂಟೆಗೆ, ಡಲ್ಲಾಸ್ ಸಮಯದಂತೆ, ನಡೆಯಲಿದೆ. ತಂಡದ ಆಕ್ರಮಣ ಶೈಲಿ ಕ್ವಾರ್ಟರ್‌ಬ್ಯಾಕ್‌ಗಳನ್ನು (ಆಕ್ರಮಣವನ್ನು ಮುನ್ನಡೆಸಿ ಚೆಂಡನ್ನು ಎಸೆಯುವ ಆಟಗಾರರನ್ನು) ಹೇಗೆ ಸೆಳೆಯುತ್ತದೆ ಎಂಬುದೇ ವಿಷಯ.

ತರಬೇತುದಾರ ಲಿಂಕನ್ ರೈಲಿಯವರ ಕಾಲದ ಒಕ್ಲಹೋಮಾ ತಂಡವನ್ನು ಉದಾಹರಣೆಯಾಗಿ ಆರಿಸಿದ್ದೇವೆ. ಎಸೆತವನ್ನೇ ನೆಚ್ಚಿದ ಏರ್ ರೇಡ್ ಪದ್ಧತಿಗೆ ಅವರು, ಗಾರ್ಡ್ ಮತ್ತು ಟ್ಯಾಕಲ್ ಎಂಬ ಮುಂಚೂಣಿಯ ತಡೆ ಆಟಗಾರರಿಬ್ಬರೂ ಎದುರು ಬದಿಗೆ ಓಡಿ ದಾರಿ ಬಿಡಿಸುವ ಕೌಂಟರ್ ಓಟವನ್ನು ಬೆಸೆದರು. ಅಲ್ಲಿ ಬೇಕರ್ ಮೇಫೀಲ್ಡ್ 2017ರಲ್ಲಿ, ಕೈಲರ್ ಮರ್ರಿ 2018ರಲ್ಲಿ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿ ಗೆದ್ದರು. ಇಬ್ಬರೂ ಬೇರೆ ಕಾಲೇಜುಗಳಿಂದ ಬಂದವರು. ಮೇಫೀಲ್ಡ್ ಅಂತೂ ವಿದ್ಯಾರ್ಥಿವೇತನವಿಲ್ಲದೆ ತಂಡ ಸೇರಿದವರು. ಪ್ರೌಢಶಾಲಾ ಆಟಗಾರರ ಸಾಮರ್ಥ್ಯ ಅಳೆದು ಕೊಡುವ ಸ್ಟಾರ್ ರೇಟಿಂಗ್‌ಗಳನ್ನೇ ನಂಬುವ ನಮ್ಮ ಕೆಲವು ಗೆಳೆಯರು ಇದಕ್ಕೆ ಉತ್ತರ ಸಿದ್ಧಪಡಿಸಿಕೊಂಡು ಬರುವುದು ಒಳಿತು.

ತರಬೇತುದಾರ ಪಾಲ್ ಜಾನ್ಸನ್ ಅವರ ಜಾರ್ಜಿಯಾ ಟೆಕ್ ತಂಡದ ಆಪ್ಷನ್ ಪದ್ಧತಿಯಲ್ಲಿ (ಚೆಂಡನ್ನು ತಾನೇ ಒಯ್ಯುವುದೋ ಬೇರೆಯವರಿಗೆ ಕೊಡುವುದೋ ಎಂದು ಕ್ವಾರ್ಟರ್‌ಬ್ಯಾಕ್ ಆಟದ ನಡುವೆಯೇ ನಿರ್ಧರಿಸುವ ಪದ್ಧತಿ) ಕ್ವಾರ್ಟರ್‌ಬ್ಯಾಕ್ ಎಸೆಯುವುದಕ್ಕಿಂತ ಓಡುವುದೇ ಹೆಚ್ಚಾಗಿದ್ದರಿಂದ, ಹೋಲಿಕೆಗಾಗಿ ಅದರ ಬಗ್ಗೆ ಹತ್ತು ನಿಮಿಷ ಮಾತನಾಡುವವರು ಬೇಕಾಗಿದ್ದಾರೆ.

ಭಾಗವಹಿಸುವವರು ಗುರುವಾರ ರಾತ್ರಿಯೊಳಗೆ ಇಲ್ಲಿಯೇ ತಿಳಿಸಬೇಕು. ತೋರಿಸಬೇಕಾದ ವಿಡಿಯೊ ತುಣುಕುಗಳಿದ್ದರೆ ಕೊಂಡಿಯನ್ನು ಶುಕ್ರವಾರವೇ ಕಳುಹಿಸಬೇಕು. ಸಭೆಯ ಲಿಂಕನ್ನು ಶನಿವಾರ ಬೆಳಿಗ್ಗೆ ಹಾಕಲಾಗುವುದು. ದಯವಿಟ್ಟು ಸಹಕರಿಸಿ.